ತೊಟ್ಟಿಲ ಮೇಲಿನ ಚಿತ್ರ

ನಮ್ಮ ಗದಗ ಸೀಮೆಯಲ್ಲಿ ಚೊಚ್ಚಲ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ತವರಿನವರು ತೊಟ್ಟಿಲು ಕೊಟ್ಟು ಕಳಿಸುವುದುಂಟು. ಅದು ಕಲಘಟಗಿ ತೊಟ್ಟಿಲಾದರೆ ಓಣಿಯವರೆಲ್ಲ ನೋಡಲು ಬರುತ್ತಾರೆ. ನನ್ನ ತವರು ಲಕ್ಷ್ಮೇಶ್ವರ, ಕೊಟ್ಟದ್ದು ಮುಂಡರಗಿಗೆ. ಅಪ್ಪ ಶೇಂಗಾ ಮಾರಿದ ದುಡ್ಡಿನಲ್ಲಿ ಮಾಡಿಸಿದ ತೊಟ್ಟಿಲು ಬಸ್ಸಿನ ಮೇಲಿಂದ ಇಳಿದಾಗ ನಮ್ಮತ್ತೆ, "ಹೆಣ್ಣ ಕೂಸಿಗೆ ಇಷ್ಟ ಚಂದದ ತೊಟ್ಟಿಲ ಯಾಕ ಬೇಕಿತ್ತವಾ?" ಅಂದರು. ಅಪ್ಪನ ಮುಖ ನೋಡಿ ನಾನು ಸುಮ್ಮನಾದೆ.

ಕಲಘಟಗಿ ಧಾರವಾಡ ಜಿಲ್ಲೆಯ ಊರು. ಅಲ್ಲಿನ ಚಿತ್ರಗಾರರು ಸಾಗುವಾನಿ ಮರಕ್ಕೆ ಕಾಸಿದ ಅರಗಿನ ಬಣ್ಣ ಹಚ್ಚಿ, ಕೇದಿಗೆ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಅಂಗಡಿಯ ಪೇಂಟು ನಾಲ್ಕು ವರ್ಷಕ್ಕೆ ಚಕ್ಕೆ ಏಳುತ್ತದೆ; ಅರಗು ಹಾಗಲ್ಲ, ಮರವನ್ನು ಹಿಡಿದುಕೊಂಡುಬಿಡುತ್ತದೆ. ನನ್ನ ಮಗಳ ನಂತರ ಶಿರಹಟ್ಟಿಯ ತಂಗಿಯ ಮಕ್ಕಳು, ಬೆಟಗೇರಿಯ ನಾದಿನಿಯ ಮಕ್ಕಳು, ಒಟ್ಟು ಏಳು ಕೂಸು ಅದರಲ್ಲಿ ಮಲಗಿ ಎದ್ದಿವೆ. ಕೆಂಪು ಇನ್ನೂ ಕೆಂಪಾಗಿಯೇ ಇದೆ. ಜಪಾನಿನಲ್ಲೂ ಕೂಸಿಗೆ ನೂರು ದಿನವಾದಾಗ ಮೊದಲ ತುತ್ತಿನ ಶಾಸ್ತ್ರ ಮಾಡುತ್ತಾರೆ. ಅದಕ್ಕೆ ಇಡುವ ಬಟ್ಟಲುಗಳಿಗೂ ಮರದ ರಸದ ಇಂಥದೇ ಹೊಳಪಿನ ಲೇಪ. ಬಾಳಲಿ ಎಂದು ಹರಸುವವರು ಬಾಳುವ ವಸ್ತುವನ್ನೇ ಕೊಡಬೇಕಲ್ಲ!

ಕೆಲಸದಲ್ಲಿ ಕುಂದಿಲ್ಲ. ನನ್ನ ತಕರಾರು ಚಿತ್ರಗಳದ್ದು. ಸುತ್ತಲೂ ರಾಮಾಯಣ, ಮಹಾಭಾರತ, ಕೃಷ್ಣಲೀಲೆ. ನಮ್ಮದರಲ್ಲಿ ಬೆಣ್ಣೆ ಕದಿಯುವ ಕೃಷ್ಣ, ತೊಡೆಯ ಮೇಲಿನ ರಾಮ, ಎಲ್ಲ ಗಂಡುಕೂಸೇ. ಒಳಗೆ ಮಲಗಿದವಳಿಗೆ ಇವು ಕಾಣುವುದಿಲ್ಲ, ನಿಜ. ಹೊರಗೆ ಕೂತು ತೂಗುವವಳಿಗೆ ಕಾಣುತ್ತವೆ. ನಡುರಾತ್ರಿ ಹಗ್ಗ ಎಳೆಯುತ್ತ ನಾನು ಆ ಕೃಷ್ಣನನ್ನೇ ನೋಡಿದ್ದೇನೆ. ಅತ್ತೆಯ ಮಾತೂ ಆಗಲೇ ನೆನಪಾಗುತ್ತಿತ್ತು. ಅವರೂ ಇಂಥದೇ ಚಿತ್ರ ನೋಡುತ್ತ ತೂಗಿದವರಲ್ಲವೇ?

ಇದಕ್ಕೆ ಚಿತ್ರಗಾರನನ್ನು ದೂರಲಾರೆ. ಮಾಡಿಸುವವರು ಕೇಳಿದ್ದನ್ನು ಅವನು ಬರೆದುಕೊಡುತ್ತಾನೆ. ಮರ ಯಾವುದು, ಬೆಲೆ ಎಷ್ಟು ಎಂದು ನಾವು ಹತ್ತು ಸಲ ವಿಚಾರಿಸುತ್ತೇವೆ. ಚಿತ್ರ ಯಾವುದು ಎಂದು ಒಮ್ಮೆಯೂ ಕೇಳುವುದಿಲ್ಲ.

ಈಗ ನನ್ನ ಮಗಳು ಬಸುರಿ. ಹೊಸದು ಬೇಡ, ಅಜ್ಜನ ತೊಟ್ಟಿಲೇ ಸಾಕು ಎಂದಿದ್ದಾಳೆ. ತಲೆದಿಂಬಿನ ಕಡೆಯ ಹಲಗೆಯೊಂದು ಸೀಳಿದೆ. ಅದನ್ನು ಬದಲಿಸಲು ಕಲಘಟಗಿಗೆ ಹೋಗಬೇಕು. ಹೊಸ ಹಲಗೆಯ ಮೇಲೆ ಪಾಟಿ ಹಿಡಿದ ಹುಡುಗಿಯೊಬ್ಬಳನ್ನು ಬರೆಸುತ್ತೇನೆ. ಹುಟ್ಟುವುದು ಗಂಡಾದರೂ ಸರಿಯೇ, ತೂಗುವವರು ನೋಡಲಿ.