ಕಿತಾಬ್-ಇ-ನವರಸದ ಹೊನ್ನಿನ ಪುಟಗಳು

ಎಮ್ಮಿಗನೂರು, ಕಂಪ್ಲಿಗಳ ಕಡೆಯ ವಿದ್ಯಾರ್ಥಿಗೆ ವಿಜಾಪುರವೆಂದೊಡನೆ ನೆನಪಾಗುವುದು 1565ರ ಯುದ್ಧ, ಹಂಪೆಯ ಪಾಳು. ಆ ಯುದ್ಧದಲ್ಲಿ ಭಾಗಿಯಾಗಿದ್ದ ಒಂದನೆಯ ಅಲಿ ಆದಿಲಶಾಹನ ಸೋದರನ ಮಗ ಎರಡನೆಯ ಇಬ್ರಾಹಿಮನು (1580-1627) ದಖನಿಯಲ್ಲಿ ರಚಿಸಿದ ‘ಕಿತಾಬ್-ಇ-ನವರಸ’ವನ್ನು ಆದಕಾರಣವೇ ನಾವು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇವೆ.

1956ರಲ್ಲಿ ನಜೀರ್ ಅಹಮದರು ಸಂಪಾದಿಸಿದ ಪಾಠದಲ್ಲಿ 59 ಪದಗಳೂ 17 ದೋಹೆಗಳೂ ಇವೆ. ಸರಸ್ವತಿ, ಗಣಪತಿ, ಪೈಗಂಬರರು, ಕಲಬುರ್ಗಿಯ ಬಂದೇನವಾಜರು ಇವರೆಲ್ಲರಿಗೂ ಇಲ್ಲಿ ಸ್ತುತಿಯುಂಟು. (ರಾಜನ ಮೆಚ್ಚಿನ ಆನೆ ಆತಶಖಾನನಿಗೂ ಉಂಟು!) ಸರಸ್ವತೀಸ್ತುತಿಯೊಂದನ್ನೇ ಬಿಡಿಯಾಗಿ ಎತ್ತಿ, ಸುಲ್ತಾನನ ಪರಮತಸಹಿಷ್ಣುತೆಗೆ ಪ್ರಮಾಣವೆಂದು ನಿಲ್ಲಿಸುವ ರೂಢಿ ನಮಗೆ ಸಮ್ಮತವಲ್ಲ. ಸಹಿಷ್ಣುವಾದವನು ಕೊಂಚ ದೂರ ನಿಂತು ನೋಡುತ್ತಾನೆ. ಈ ಕವಿಯಾದರೋ ಸರಸ್ವತಿಯನ್ನು ತಾಯಿಯೆಂದೇ ಕರೆಯುತ್ತಾನೆ. ಬಂದೇನವಾಜರ ಸ್ತುತಿಯನ್ನು ಅದರ ಜೊತೆಗಿಟ್ಟು ಓದದವರಿಗೆ ಇವನು ಇಸ್ಲಾಮನ್ನು ತೊರೆದವನಂತೆ ಕಂಡರೆ ತಪ್ಪು ಗ್ರಂಥದ್ದಲ್ಲ.

ಹಸ್ತಪ್ರತಿಯ ರೂಪವೂ ಇದನ್ನೇ ಸೂಚಿಸುತ್ತದೆ. ಲಿಪಿಕಾರ ಖಲೀಲುಲ್ಲಾ ಬರೆದೊಪ್ಪಿಸಿದ ಪ್ರತಿಗೆ ಮೆಚ್ಚಿ ರಾಜನು ಹಿಜರಿ 1027ರಲ್ಲಿ (1617-18) ಅವನಿಗೆ ‘ಲೇಖನಿಯ ಬಾದಶಹ’ನೆಂಬ ಬಿರುದನ್ನಿತ್ತನು. ಪಾರಸಿ ಅಕ್ಷರಗಳಲ್ಲಿ ಭೂಪಾಲಿ, ಕೇದಾರ, ಕರ್ನಾಟಿ ಮೊದಲಾದ ರಾಗಗಳ ಹೆಸರು; ಸುತ್ತಲೂ ಹೊನ್ನು, ಬಣ್ಣ. ಇದು ಹಾಡುವುದಕ್ಕಾಗಿ ಹುಟ್ಟಿದ ಗ್ರಂಥ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಬಿಡಿ ಹಾಳೆಯಾಗಿ ಕಂಡಾಗ ಕಲಾವಿಮರ್ಶಕನ ಕಣ್ಣು ಹೊನ್ನಿನಲ್ಲಿಯೇ ನಿಲ್ಲುತ್ತದೆ, ರಾಗದ ಹೆಸರು ಅಂಚಿನ ಅಲಂಕಾರವಾಗಿಬಿಡುತ್ತದೆ. ಕರ್ನಾಟಿಯ ಪದಗಳನ್ನಾದರೂ ನಮ್ಮ ಸಂಗೀತ ವಿದ್ವಾಂಸರು ಇತಿಹಾಸದ ಅಧ್ಯಾಪಕರೊಡನೆ ಕುಳಿತು ಪರಿಶೀಲಿಸಿದರೆ ಉಪಕಾರವಾದೀತು.