ಬಯೋಟೆಕ್ ಪದವಿಯೂ ಬಜಪೆಯ ತೊಟ್ಟಿಯೂ

ಸಿಇಟಿ ಆಪ್ಷನ್ ಎಂಟ್ರಿಯ ಹೊತ್ತಿಗೆ ಬಯೋಟೆಕ್ ಎಂಜಿನಿಯರಿಂಗ್ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಅದಕ್ಕೆ ಸ್ಕೋಪ್ ಇಲ್ಲ ಎನ್ನುವುದು ಪೋಷಕರ ಮಾತು. ನಾಳೆಯೆಲ್ಲ ಜೀನ್, ಲಸಿಕೆ, ಸಂಶೋಧನೆಯದೇ ಎನ್ನುವುದು ಕಾಲೇಜುಗಳ ಮಾತು. ಒಂದಕ್ಕೊಂದು ಎದುರೆಂದು ತೋರುವ ಈ ಎರಡೂ ಮಾತಿನ ತಳದಲ್ಲಿರುವ ನಂಬಿಕೆ ಮಾತ್ರ ಒಂದೇ: ಈ ಪದವಿ ಇರುವುದು ಲ್ಯಾಬಿಗೆ ಜನ ಕಳಿಸಲಿಕ್ಕೆ. ನನ್ನ ತಕರಾರು ಆ ನಂಬಿಕೆಯ ಜೊತೆ.

ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯ ದೇಶವಾಯಿತು. ಅದರಂತೆ ಪದವಿಗಳಿಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಕೊಡುವ ಮಾನ್ಯತೆಗಾಗಿ ಪ್ರತಿ ವಿಭಾಗವೂ ತನ್ನ ಶೈಕ್ಷಣಿಕ ಗುರಿಗಳನ್ನು ಬರೆದು ಗೋಡೆಗೆ ತೂಗುಹಾಕುವುದು ಈಗ ರೂಢಿ. ಉನ್ನತ ವ್ಯಾಸಂಗ, ಉದ್ಯಮಶೀಲತೆ, ನೈತಿಕತೆ, ಆಜೀವ ಕಲಿಕೆ. ವಿಭಾಗದ ಹೆಸರು ಅಳಿಸಿದರೆ ಅದೇ ಫಲಕವನ್ನು ಮೆಕ್ಯಾನಿಕಲ್ ವಿಭಾಗದಲ್ಲೂ ತೂಗುಹಾಕಬಹುದು. ಬರೆದವರದು ಸೋಮಾರಿತನವೆಂದು ನಾನು ಹೇಳಲಾರೆ. ಈ ವಿದ್ಯೆಗೆ ಮಾತ್ರ ಸೇರಿದ ಹೊಣೆ ಯಾವುದೆಂದು ಅಲ್ಲಿ ಯಾರೂ ಕೇಳಿಕೊಂಡಿಲ್ಲ, ಅಷ್ಟೆ.

ಆ ಹೊಣೆ ಏನೆಂದು ನೋಡಲು ಮಂಗಳೂರು ಬಳಿಯ ಬಜಪೆಯ ಎಸ್‌ಇಝಡ್‌ಗೆ ಬನ್ನಿ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ವಿಷಾನಿಲಕ್ಕೆ ಐವರು ಕಾರ್ಮಿಕರು ಬಲಿಯಾದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದವರು. ಒಬ್ಬನನ್ನು ಉಳಿಸಲೆಂದು ಉಳಿದವರು ಇಳಿದಿದ್ದರು. ತಪ್ಪು ಯಾರದೆಂದು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಆದರೆ ಇಂಥ ತೊಟ್ಟಿಯೊಳಗೆ ನಡೆಯುವುದೆಲ್ಲ ಬಯೋಟೆಕ್ ಪಠ್ಯದಲ್ಲೇ ಇದೆ. ಮೀನಿನ ಪ್ರೋಟೀನಿನಲ್ಲಿ ಗಂಧಕವಿರುವ ಅಮೈನೋ ಆಮ್ಲಗಳಿವೆ. ಗಾಳಿಯಾಡದ ಕಡೆ ಸೂಕ್ಷ್ಮಾಣುಗಳು ಅವನ್ನು ಒಡೆದಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಪ್ರಮಾಣ ಸುಮಾರು 100 ಪಿಪಿಎಂ ದಾಟಿದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಇಷ್ಟನ್ನೂ ವಿದ್ಯಾರ್ಥಿ ಓದಬಹುದು, ಆದರೆ ಬಯೋಕೆಮಿಸ್ಟ್ರಿ ಒಂದು ಸೆಮಿಸ್ಟರಿನಲ್ಲಿ, ಮಾಸ್ ಟ್ರಾನ್ಸ್‌ಫರ್ ಇನ್ನೊಂದರಲ್ಲಿ, ಸುರಕ್ಷತೆ ಎಲ್ಲೋ ಕೊನೆಯ ಯೂನಿಟ್ಟಿನಲ್ಲಿ. ಮೂರನ್ನೂ ಒಂದೇ ತೊಟ್ಟಿಯ ಮುಂದೆ ನಿಂತು ಯೋಚಿಸುವಂತೆ ಮಾಡುವುದು ಯಾವ ಪ್ರಶ್ನೆಪತ್ರಿಕೆಯ ಕೆಲಸವೂ ಅಲ್ಲವೆಂದಾಗಿದೆ.

ಇದು ಪರಿಸರ ಎಂಜಿನಿಯರ್ ನೋಡಿಕೊಳ್ಳಬೇಕಾದದ್ದು, ಬಯೋಟೆಕ್‌ನ ಎತ್ತರ ಬೇರೆ ಎಂಬ ಉತ್ತರ ಬರುತ್ತದೆ. ಆ ಎತ್ತರದ ಚರಿತ್ರೆಯನ್ನೇ ನೋಡೋಣ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕೊಡುವ ಬೂಷ್ಟನ್ನು ಗಮನಿಸಿದ್ದು 1928ರಲ್ಲಿ. ಬ್ರೂಕ್ಲಿನ್‌ನಲ್ಲಿ ಫೈಝರ್ ಕಂಪನಿ ಆಳ ತೊಟ್ಟಿಗಳಲ್ಲಿ ಪೆನಿಸಿಲಿನ್ ತಯಾರಿಕೆ ಶುರುಮಾಡಿದ್ದು 1944ರ ಮಾರ್ಚ್‌ನಲ್ಲಿ. ನಡುವೆ ಎದುರಾದ ದೊಡ್ಡ ತೊಡಕುಗಳಲ್ಲೊಂದು, ಅಷ್ಟು ಆಳದ ದ್ರವದಲ್ಲಿ ಬೂಷ್ಟಿಗೆ ಗಾಳಿ ಮುಟ್ಟಿಸುವುದು. ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ಲೀಟರ್ ನೀರು ಹಿಡಿದಿಡುವ ಆಮ್ಲಜನಕ 8 ಮಿಲಿಗ್ರಾಂ ಕೂಡ ಇಲ್ಲ. ಔಷಧದ ಫರ್ಮೆಂಟರ್‌ಗೂ ತ್ಯಾಜ್ಯನೀರು ಶುದ್ಧೀಕರಿಸುವ ಇಟಿಪಿಯ ಏರೇಶನ್ ಟ್ಯಾಂಕಿಗೂ ಆಮ್ಲಜನಕದ ಸಮೀಕರಣ ಒಂದೇ. ಒಂದನ್ನು ವಿಜ್ಞಾನವೆಂದು ಮೆರೆಸಿ ಇನ್ನೊಂದನ್ನು ಕೊಳಚೆಯೆಂದು ದೂರವಿಡುವುದು ಎಂಜಿನಿಯರಿಂಗ್‌ಗೆ ತಕ್ಕ ಮನೋಭಾವವಲ್ಲ.

ಇನ್ನು ಸ್ಕೋಪ್. ಕಂಪನಿಗಳು ಕೆಮಿಕಲ್ ಎಂಜಿನಿಯರ್‌ಗಳನ್ನೇ ಕೇಳುತ್ತವೆ ಎಂಬ ದೂರಿನಲ್ಲಿ ನಿಜಾಂಶವಿದೆ, ಒಪ್ಪುತ್ತೇನೆ. ಗುರಿಯನ್ನು ತಿದ್ದಿ ಬರೆದ ಮಾತ್ರಕ್ಕೆ ಕೆಲಸ ಸಿಗುವುದೂ ಇಲ್ಲ. ಆದರೆ ಆ ದೂರಿಗೆ ಹೆದರಿ ಗಣಿತವನ್ನೂ ಹೀಟ್ ಟ್ರಾನ್ಸ್‌ಫರನ್ನೂ ತೆಳ್ಳಗೆ ಮಾಡಿ, ಆ ಜಾಗಕ್ಕೆ ಬಯೋಇನ್ಫರ್ಮ್ಯಾಟಿಕ್ಸ್ ತುಂಬುವವರು ಪದವಿಯ ಕಾಲನ್ನೇ ಮುರಿಯುತ್ತಿದ್ದಾರೆ. ಎಲ್ಲರೂ ಉದಾಹರಣೆ ಕೊಡುವ ಬಯೋಕಾನ್ 1978ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಪಪ್ಪಾಯಿಯ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್‌ನಿಂದ. ಸ್ಥಾಪಕಿ ಕಿರಣ್ ಮಜುಂದಾರ್ ಷಾ ಆಸ್ಟ್ರೇಲಿಯಾದಲ್ಲಿ ಕಲಿತು ಬಂದದ್ದು ಬಿಯರ್ ತಯಾರಿಕೆ. ಬಜಪೆಯ ತೊಟ್ಟಿಗೆ ಬೀಳುವ ಮೀನಿನ ಒಳಭಾಗವೇ ಅಲ್ಲಿ ಕಚ್ಚಾವಸ್ತು. ಈ ವಿದ್ಯೆಯ ಬೇರು ಹುದುಗಿಸುವುದರಲ್ಲಿ, ಕೊಳೆಯುವುದರಲ್ಲಿ, ಸೋಸುವುದರಲ್ಲಿದೆ.

ಹಾಗಾಗಿ ನಾನು ಕೇಳುವ ಗುರಿ ಚಿಕ್ಕದು, ಪರೀಕ್ಷಿಸಬಹುದಾದದ್ದು: ಜೀವಿಗಳಿರುವ ಯಾವುದೇ ತೊಟ್ಟಿಯ ಮುಂದೆ ನಿಂತರೂ ಒಳಗೆ ಹೋಗುವುದೆಷ್ಟು, ಹೊರಬರುವುದೆಷ್ಟು, ಗಾಳಿ ನಿಂತರೆ ಏನಾಗುತ್ತದೆ ಎಂಬುದನ್ನು ಪದವೀಧರರು ಲೆಕ್ಕ ಹಾಕಿ ಹೇಳಬೇಕು, ಆ ತೊಟ್ಟಿಗೆ ಯಾರನ್ನೂ ಇಳಿಸಬಾರದೆಂದಾದರೆ ಅದನ್ನೂ ಹೇಳಬೇಕು. ಅಂತಿಮ ವರ್ಷದಲ್ಲಿ ಯಾವುದೋ ಎಲೆಯ ರಸಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆಯೇ ಎಂದು ಮತ್ತೆ ಮತ್ತೆ ಪ್ಲೇಟ್ ಹಾಕುವ ಬದಲು ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಇಟಿಪಿಯನ್ನು ಎತ್ತಿಕೊಳ್ಳಲಿ. ಕೊಳೆ ಒಡೆಯಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕವನ್ನು ಅಳೆಯುವ ಬಿಒಡಿ ಪರೀಕ್ಷೆ ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನದ್ದು, ಕಾಯುವುದು ಕಷ್ಟವಲ್ಲ. ಸೆಕೆಯ ಏಪ್ರಿಲ್‌ನದೊಂದು, ಮಳೆಯ ಜುಲೈನದೊಂದು ಲೆಕ್ಕ ತರಲಿ. ಆಮ್ಲಜನಕದ ಬಾಬತ್ತು ತಾಳೆಯಾಗದ ವರದಿಯನ್ನು ವೈವಾದಲ್ಲಿ ಪಾಸು ಮಾಡಕೂಡದು.