ಟ್ಯೂಬ್‌ಲೈಟಿನ ಕೆಳಗಿನ ಕ್ಯಾನ್ವಾಸ್

ಕಲಾವಿದರ ಧನಸಹಾಯದ ಅರ್ಜಿಗೆ ನಾಳೆಯೇ ಕಡೆಯ ದಿನ ಎನ್ನುವಾಗ ರಾಯಚೂರು ಬಳಿಯ ಶಕ್ತಿನಗರದ ಕ್ವಾರ್ಟರ್ಸ್‌ಗಳಲ್ಲಿ ಚಿತ್ರದ ಫೋಟೋ ತೆಗೆಯುವ ರೀತಿ ಹೆಚ್ಚುಕಡಿಮೆ ಒಂದೇ. ಕ್ಯಾನ್ವಾಸು ಕುರ್ಚಿಯ ಬೆನ್ನಿಗೆ ಒರಗಿರುತ್ತದೆ. ಮೇಲೆ ಟ್ಯೂಬ್‌ಲೈಟ್, ಹಿಂದೆ ಹಸಿರು ಡಿಸ್ಟೆಂಪರ್ ಗೋಡೆ, ಮೂಲೆಯಲ್ಲಿ ಕೊಡದ ಅಂಚು. ಎರಡು ಸಲ ಕ್ಲಿಕ್ಕಿಸಿ, ಒಂದು ಫಿಲ್ಟರ್ ಹಾಕಿ, ವಾಟ್ಸ್‌ಆ್ಯಪ್‌ನಲ್ಲಿ ನೆಟ್ ಸೆಂಟರಿಗೆ ಕಳಿಸಿದರೆ ಕೆಲಸ ಮುಗಿಯಿತು.

ಆದರೆ ತೀರ್ಪುಗಾರರ ಮುಂದೆ ಹೋಗುವುದು ಆ ಫೋಟೋ ಮಾತ್ರ. ಅಮೆರಿಕದ ಪೊಲಾಕ್-ಕ್ರಾಸ್ನರ್ ಪ್ರತಿಷ್ಠಾನ ಧನಸಹಾಯದ ಅರ್ಜಿಗೆ ಹತ್ತು ಕೃತಿಗಳ ಫೋಟೋ ಕೇಳುತ್ತದೆ. ಅಲ್ಲಿ ಕ್ಯಾನ್ವಾಸನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಹೀಗಿರುವಾಗ ಕುಂಚದಷ್ಟೇ ಕ್ಯಾಮೆರಾವೂ ಪರೀಕ್ಷೆಗೆ ಕೂತಂತಾಯಿತು. ಇದು ನ್ಯಾಯವೇ ಎಂದರೆ, ಅಲ್ಲ. ಅರ್ಜಿ ನಮೂನೆಗಳು ಫೈಲಿನ ಗಾತ್ರವನ್ನು ಕೆಬಿಗಳಲ್ಲಿ ಹೇಳುತ್ತವೆ. ಬೆಳಕು ಎಲ್ಲಿಂದ ಬೀಳಬೇಕು ಎಂಬುದನ್ನು ಹೇಳುವ ನಮೂನೆ ಅಪರೂಪ.

ಫೋಟೋ ಕೆಡಲು ಬಡತನವೇ ಕಾರಣ ಎನ್ನುವುದು ಅರ್ಧ ಸತ್ಯ. ರಾಯಚೂರಿನಲ್ಲಿ ಬೆಳಕಿಗೆ ಬರವಿಲ್ಲ, ಇರುವುದೇ ಅತಿಯಾದ ಬೆಳಕು. ಮಧ್ಯಾಹ್ನದ ಬಿಸಿಲಿಗೆ ಕ್ಯಾನ್ವಾಸ್ ಇಟ್ಟರೆ ಬಿಳಿ ಸುಟ್ಟುಹೋಗುತ್ತದೆ, ನೆರಳು ಕಪ್ಪಿಡುತ್ತದೆ. ಬೆಳಗಿನ ಎಂಟು ಗಂಟೆಗೆ ನೆರಳಿರುವ ಪಡಸಾಲೆ ಸಾಕು. ಟ್ಯೂಬ್‌ಲೈಟ್ ಆರಿಸಬೇಕು, ಏಕೆಂದರೆ ಎರಡು ಬಗೆಯ ಬೆಳಕು ಕೂಡಿದರೆ ಒಂದೇ ನೀಲಿ ಚಿತ್ರದ ಎರಡು ಕಡೆ ಎರಡು ನೀಲಿಯಾಗುತ್ತದೆ. ಹಸಿರು ಗೋಡೆಯ ಛಾಯೆ ಬಿಳಿಗೆ ತಾಕುತ್ತದೆ. ನೆಲದ ಬೂದು ಶಹಾಬಾದಿ ಫರ್ಸಿಯಿಂದ ಅಂಥ ಕಾಟ ಕಡಿಮೆ. ಮೊಬೈಲಿನ ಮಾಮೂಲಿ ಲೆನ್ಸ್ ಅಗಲ ನೋಟದ್ದು, ಹತ್ತಿರ ನಿಂತರೆ ಚೌಕ ಚಿತ್ರದ ಅಂಚು ಬಾಗುತ್ತದೆ. ಹಿಂದೆ ಸರಿದು, ಎರಡು ಪಟ್ಟು ಜೂಮ್ ಮಾಡಿ, ಲೆನ್ಸನ್ನು ಚಿತ್ರದ ನಡುಮಟ್ಟಕ್ಕೆ ತಂದರೆ ಅಂಚು ನೆಟ್ಟಗಾಗುತ್ತದೆ. ಇನ್ನು ಹಾರುಬೂದಿ. ಉಷ್ಣ ವಿದ್ಯುತ್ ಸ್ಥಾವರದ ಊರಾದ ಶಕ್ತಿನಗರದಲ್ಲಿ ಇದ್ದಿಲ ಚಿತ್ರವನ್ನು ರಾತ್ರಿ ಮುಚ್ಚದೆ ಬಿಟ್ಟರೆ ಕಪ್ಪಿನ ಮೇಲೆ ಚುಕ್ಕಿಗಳ ಮಳೆ.

ಎಲ್ಲಕ್ಕೂ ಒಂದೇ ಮದ್ದಿಲ್ಲ. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದ ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಇರುತ್ತದೆ. ನೇರ ಬೆಳಕಿನಲ್ಲಿ ರೇಕು ಬಿಳಿ ಕಲೆಯಾಗಿ ಕಾಣುತ್ತದೆ. ಪ್ರತಿಫಲನ ಕೊಲ್ಲಲೆಂದು ದೀಪಕ್ಕೂ ಲೆನ್ಸಿಗೂ ಪೋಲರೈಸರ್ ಹಾಕಿದರೆ ಚಿನ್ನವೂ ಸತ್ತು ಕಂದುಗಟ್ಟುತ್ತದೆ. ಒಂದು ಬದಿಗೆ ಬಿಳಿ ಬೆಡ್‌ಶೀಟ್ ಹಿಡಿದು, ಅದರ ಮಂದ ಪ್ರತಿಬಿಂಬ ರೇಕಿನ ಮೇಲೆ ಬೀಳುವಂತೆ ಹೊಂದಿಸಿಕೊಂಡಾಗಲೇ ಚಿನ್ನ ಚಿನ್ನದಂತೆ ಕಾಣುವುದು. ಅರ್ಧ ದಿನದ ಕೆಲಸ.

ಕೆಟ್ಟ ಫೋಟೋಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸಬೇಕಾದದ್ದು ಅತಿ ಚೆಂದದ ಫೋಟೋ. ಬಣ್ಣ ಏರಿಸಿ, ಕುಂಚದ ಒರಟನ್ನು ನಯಮಾಡಿ, ಕ್ಯಾನ್ವಾಸಿನ ಅಂಚನ್ನೇ ಕತ್ತರಿಸಿದ ಚಿತ್ರ ಪರದೆಯ ಮೇಲೆ ಮುದ್ರಿತ ಕ್ಯಾಲೆಂಡರಿನಂತೆ ಹೊಳೆಯುತ್ತದೆ. ಮಂಕು ಫೋಟೋದಲ್ಲಿ ಕಲಾವಿದನ ಕೈ ಸ್ವಲ್ಪವಾದರೂ ಉಳಿದಿರುತ್ತದೆ. ಇದರಲ್ಲಿ ಅದೂ ಇಲ್ಲ. ಅಳತೆಯೂ ಹಾಗೆಯೇ ಕಳೆದುಹೋಗುತ್ತದೆ. ಅಂಗೈಯಗಲದ ಕೃತಿಯೂ ಬಾಗಿಲೆತ್ತರದ ಕೃತಿಯೂ ಪರದೆಯಲ್ಲಿ ಒಂದೇ ಗಾತ್ರ.

ಈ ಅಳತೆಯ ಪ್ರಶ್ನೆಗೆ ರಾಯಚೂರಿನಲ್ಲೇ ಒಂದು ಹಳೆಯ ಉತ್ತರವಿದೆ. ಕೋಟೆಯ ಒಳಸುತ್ತಿನ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ 1294ರ ತೆಲುಗು ಶಾಸನ. ಕಲ್ಲು ತಂದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಂದ ಬಗೆಯನ್ನೂ ಗೆರೆಯಲ್ಲಿ ಕೊರೆಸಿದರು: ಕೋಣಗಳ ಸಾಲು, ಗಾಡಿ, ಚಕ್ರಕ್ಕೆ ಸನ್ನೆಗೋಲು ಕೊಡುತ್ತಿರುವ ಆಳುಗಳು. ತಮ್ಮ ಕೆಲಸದ ದಾಖಲೆಯನ್ನು ತಾವೇ ಇಟ್ಟ ಆ ಜನ ಕಲ್ಲಿನ ಪಕ್ಕ ಮನುಷ್ಯರನ್ನು ನಿಲ್ಲಿಸಿದ್ದಾರೆ. ಅರ್ಜಿಯ ಹತ್ತು ಫೋಟೋಗಳಲ್ಲಿ ಒಂದಾದರೂ ಹೀಗಿದ್ದರೆ ಚಿತ್ರದ ಗಾತ್ರ ತಕ್ಷಣ ತಿಳಿಯುತ್ತದೆ. ಕಡೆಗೆ ಚಿತ್ರದ ಪಕ್ಕ ಬರೆದವರೇ ನಿಂತರೂ ಆದೀತು.

ಆ ಗೆರೆಗಳ ಫೋಟೋ ತೆಗೆಯಲು ಹೋದವರಿಗೆ ಇನ್ನೊಂದೂ ಗೊತ್ತಾಗುತ್ತದೆ. ಕ್ಯಾನ್ವಾಸಿಗೆ ಹೇಳಿದ ಸಮಬೆಳಕು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬಿಸಿಲು ಗೋಡೆಯನ್ನು ಸವರುತ್ತ ಓರೆಯಾಗಿ ಬೀಳುವ ಹೊತ್ತಿಗೆ ಕಾಯಬೇಕು. ಆಗ ಕೋಣಗಳು ಒಂದೊಂದಾಗಿ ಮೇಲೇಳುತ್ತವೆ.